ಮುಚ್ಚಳದ ಕೆಳಗಿನ ಗಾಳಿ

ಸೋಪನ್ನು ಮೂಗಿಗೆ ಒತ್ತಿ ಹಿಡಿದು ಅವನು ಬಚ್ಚಲಮನೆಯಲ್ಲಿ ಸುಮ್ಮನೆ ನಿಂತಿದ್ದ. ಮೂಗಿನ ತುದಿಗೆ ತಣ್ಣಗೆ, ಜಾರುವಂಥದ್ದು ಏನೋ ತಾಗುತ್ತಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಅದು ಸೋಪು ಎಂದು ಹೇಳುತ್ತಿದ್ದದ್ದು ಕಣ್ಣು. ಕಣ್ಣು ಮುಚ್ಚಿದರೆ ಅದೊಂದು ಒದ್ದೆ ಕಲ್ಲು. ಉಸಿರನ್ನು ಒಮ್ಮೆ ಮೆಲ್ಲಗೆ ಎಳೆದ, ಒಮ್ಮೆ ಜೋರಾಗಿ ಎಳೆದ. ಗಾಳಿ ಬಂತು, ಹೋಯಿತು, ಏನನ್ನೂ ತರಲಿಲ್ಲ. ದಿನವೂ ಬೆಳಿಗ್ಗೆ ಹೀಗೆ ನಿಲ್ಲುವುದು, ಇವತ್ತು ಬಂದೀತು ಎಂದುಕೊಳ್ಳುವುದು, ಬಾರದಿದ್ದಾಗ ಏನೋ ಹೇಸಿಗೆ ಕೆಲಸ ಮಾಡುತ್ತ ಸಿಕ್ಕಿಬಿದ್ದವನ ಹಾಗೆ ನಾಚುವುದು ಅಭ್ಯಾಸವಾಗಿಬಿಟ್ಟಿತ್ತು. ಹೊರಗಿನಿಂದ ಹೆಂಡತಿ, "ಏನ್ರೀ, ಒಳಗೇ ನಿದ್ದೆ ಹೋದ್ರಾ? ಅಪ್ಪ ಆಗಲೇ ಫೋನ್ ಮಾಡಿದ್ರು, ದೋಣಿ ನೀರಿಗಿಳಿಸೋಕೆ ಎಲ್ಲಾರೂ ಕಾಯ್ತಿದಾರಂತೆ" ಎಂದಳು. "ಬಂದೆ" ಎಂದು ಸೋಪನ್ನು ಅದರ ಜಾಗದಲ್ಲಿಟ್ಟು, ಅದು ಅಲುಗಾಡಿದ್ದು ಯಾರಿಗೂ ಗೊತ್ತಾಗಬಾರದೆಂಬಂತೆ ಬೆರಳಿನಿಂದ ನೇರ ಮಾಡಿದ.

ಜ್ವರ ಬಂದದ್ದು ಇಬ್ಬರಿಗೂ ಒಟ್ಟಿಗೇ. ಬೆನ್ನಿಗೆ ಬೆನ್ನು ಕೊಟ್ಟು ಮಲಗಿ, ಯಾರು ಎದ್ದು ಯಾರಿಗೆ ನೀರು ಕಾಯಿಸಿ ಕೊಡಬೇಕೆಂದು ತಿಳಿಯದೆ, ಒಬ್ಬರ ಕಾವು ಇನ್ನೊಬ್ಬರಿಗೆ ತಟ್ಟುತ್ತ ದಿನಗಳು ಹೋಗಿದ್ದವು. ಮೊದಲು ಎದ್ದವಳು ಅವಳು. ಕಿಟಕಿ ತೆರೆದು, ಹೊದಿಕೆ ಕೊಡವಿ, ಮನೆಯನ್ನು ಮತ್ತೆ ಮನೆ ಮಾಡಿದಳು. ಅವನು ಎದ್ದು ದೋಣಿ ರಿಪೇರಿಯ ತನ್ನ ಶೆಡ್ಡಿಗೆ ಹೋದ ಮೊದಲ ದಿನ ಇಂಜಿನ್ನಿನ ಬಿಡಿಭಾಗ ತೊಳೆಯಲು ಪೆಟ್ರೋಲಿನ ಡಬ್ಬ ತೆರೆದರೆ ಅದಕ್ಕೆ ವಾಸನೆಯೇ ಇರಲಿಲ್ಲ. ಯಾವನೋ ನೀರು ತುಂಬಿಸಿಟ್ಟಿದ್ದಾನೆಂದು ಬೈದುಕೊಂಡು ಬೆರಳು ಅದ್ದಿದ. ಹೊರತೆಗೆದ ಬೆರಳು, ಪೆಟ್ರೋಲಿಗೆ ಮಾತ್ರ ಇರುವ ಆ ಅವಸರದ ತಂಪಿನಲ್ಲಿ, ನೋಡುತ್ತಿದ್ದಂತೆ ಒಣಗಿಹೋಯಿತು. ಅವನು ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ. ಯಾರಿಗೂ ಹೇಳದೆ ಒಬ್ಬ ಡಾಕ್ಟರ ಬಳಿ ಹೋದದ್ದಾಯಿತು. ಬರುತ್ತೆ, ಕೆಲವರಿಗೆ ತಡವಾಗುತ್ತೆ, ಕೆಲವರಿಗೆ ತುಂಬ ತಡವಾಗುತ್ತೆ ಎಂದು ಡಾಕ್ಟರು ಅವನ ಮುಖ ನೋಡದೆ ಹೇಳಿದ್ದರು.

ಡೀಸೆಲ್ ಇಂಜಿನ್ನುಗಳಷ್ಟೇ ಅವನ ಕೈಗೆ ಬರುತ್ತಿದ್ದರೆ ಇಷ್ಟು ಯೋಚನೆ ಇರುತ್ತಿರಲಿಲ್ಲ. ಪೆಟ್ರೋಲಿನ ಗುಣವೇ ಬೇರೆ. ಅದರ ಆವಿ ಗಾಳಿಗಿಂತ ಭಾರ; ದೋಣಿಯ ಹೊಟ್ಟೆಯೊಳಗೆ ಇಂಜಿನ್ನಿದ್ದರೆ, ಸೋರಿದ್ದೆಲ್ಲ ಹೊರಗೆ ಹೋಗದೆ ತಳದಲ್ಲಿ ಹೋಗಿ ಮಲಗುತ್ತದೆ. ಕಾಣುವುದಿಲ್ಲ, ಸದ್ದಿಲ್ಲ. ಕೀಲಿ ತಿರುಗಿಸಿದಾಗ ಎಲ್ಲೋ ಒಂದು ಕಿಡಿ, ಅಷ್ಟು ಸಾಕು. ಹಾಗೆ ಸುಟ್ಟ ದೋಣಿಯೊಂದನ್ನು ಅವನು ಕೆಲಸ ಕಲಿಯುವ ಕಾಲದಲ್ಲಿ ನೋಡಿದ್ದ: ನೀರಿನ ಮಟ್ಟದವರೆಗೆ ಎಲ್ಲ ಹೋಗಿ, ಉಳಿದದ್ದು ಕಪ್ಪು ತಟ್ಟೆಯ ಹಾಗೆ ತೇಲುತ್ತಿತ್ತು, ಅದರ ನಡುವೆ ಕರಗಿದ ಒಂದು ಚಪ್ಪಲಿ. ಇದನ್ನು ತಡೆಯಲು ಮನುಷ್ಯನಿಗಿರುವುದು ಮೂಗು ಒಂದೇ. ಮುಚ್ಚಳ ಎತ್ತು, ಬಗ್ಗು, ಮೂಸು, ಆಮೇಲೆ ಕೀಲಿ ಮುಟ್ಟು ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದವನೇ ಅವನು. ರಿಪೇರಿಯವನ ಮೂಗು ಹೋಗಿದೆಯಂತೆ ಎಂಬ ಮಾತು ದಡದಲ್ಲಿ ಒಬ್ಬನ ಬಾಯಿಗೆ ಬಿದ್ದರೆ ಸಾಕಿತ್ತು. ಅದಕ್ಕಿಂತ ಹೆಚ್ಚಾಗಿ ಅದು ಮಾವನ ಬಾಯಿಗೆ ಬೀಳುವುದನ್ನು ನೆನೆದರೆ ಅವನ ಕಿವಿ ಬಿಸಿಯಾಗುತ್ತಿತ್ತು.

ಆದ್ದರಿಂದ ಹೆಂಡತಿಯ ಮೂಗನ್ನು ಅವಳಿಗೆ ತಿಳಿಯದ ಹಾಗೆ ಎರವಲು ಪಡೆಯತೊಡಗಿದ. ದೋಣಿಯ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟು ಮನೆಗೆ ತರುತ್ತಿದ್ದ. "ನೋಡೇ, ಇದರಲ್ಲಿ ಪೆಟ್ರೋಲ್ ವಾಸನೆ ಇದೆಯಾ? ದಿನವಿಡೀ ಅದರಲ್ಲೇ ಮುಳುಗಿರೋದ್ರಿಂದ ನಂಗೆ ತಿಳಿಯಲ್ಲ" ಎಂದು, ಏನೂ ದೊಡ್ಡ ವಿಷಯವಲ್ಲ ಎಂಬಂತೆ ಚಪ್ಪಲಿ ಬಿಡುತ್ತ ಕೇಳಿದ್ದ ಮೊದಲ ಸಲ. ಅವಳು ಒಂದು ಗಳಿಗೆ ಬಟ್ಟೆಯನ್ನಲ್ಲ, ಅವನನ್ನು ನೋಡಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದು, "ಹೂಂ, ಇದೆಯಲ್ಲ" ಎಂದಳು. ಮಾರನೆಯ ದಿನ ಅವನು ಆ ದೋಣಿಯ ಕೊಳವೆಗಳನ್ನೆಲ್ಲ ಬಿಚ್ಚಿದರೆ ಒಂದು ಜೋಡಣೆಯಲ್ಲಿ ಕೂದಲೆಳೆಯಷ್ಟು ಸೀಳು. ಅಂದಿನಿಂದ ಅವಳ ಮಾತು ಅವನಿಗೆ ವೇದವಾಯಿತು. ಅವಳು ಇಲ್ಲ ಎಂದರೆ ದೋಣಿ ನೀರಿಗೆ. ಇದೆ ಎಂದರೆ ಮತ್ತೆ ಶೆಡ್ಡಿಗೆ.

ದಾರಿಯಲ್ಲಿ ಅವಳು ಮುಂದೆ, ಅವನು ಸಲಕರಣೆಯ ಚೀಲ ಹೊತ್ತು ಹಿಂದೆ. ಅಂಗಡಿಗಳು ಅರ್ಧ ತೆರೆದಿದ್ದವು. ಬ್ರೆಡ್ ಅಂಗಡಿಯ ಮುಂದೆ ಹಾದುಹೋಗುವಾಗ ಮೊದಲಾದರೆ ಇಬ್ಬರೂ ಒಟ್ಟಿಗೇ ಹೆಜ್ಜೆ ನಿಧಾನಿಸುತ್ತಿದ್ದರು. ಈಗ ಅವನು ನಿಧಾನಿಸಬೇಕೆಂದು ನೆನಪು ಮಾಡಿಕೊಂಡು ನಿಧಾನಿಸಿದ. ಅವಳು ನಿಲ್ಲದೆ ಮುಂದೆ ನಡೆದಳು. ಈಚೆಗೆ ಅವಳು ಹೀಗೇ ಎಂದುಕೊಂಡ. ಏನು ಮಾಡಿದರೂ ಬೇರೆಲ್ಲೋ ಇದ್ದಂತೆ. ಒಂದು ಮಧ್ಯಾಹ್ನ ಕೆಳಗಿನ ಮನೆಯ ಟೈಲರಮ್ಮ ಏದುಸಿರು ಬಿಡುತ್ತ ಬಾಗಿಲು ಬಡಿದು, "ಏನು ಮಾಡ್ತಿದೀರ ಗಂಡ ಹೆಂಡ್ತಿ? ಮೆಟ್ಟಿಲ ತುಂಬ ಗ್ಯಾಸು" ಎಂದು ಕೂಗಿದಾಗ ಹೆಂಡತಿ ಒಲೆಯ ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದಳು. ಒಲೆಯ ತಿರುಪು ಪೂರ್ತಿ ತೆರೆದಿತ್ತು, ಉರಿ ಇರಲಿಲ್ಲ. "ಏನೋ ಯೋಚನೆಲಿದ್ದೆ" ಎಂದಿದ್ದಳು. ಎಂಥ ಯೋಚನೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಇಷ್ಟು ವರ್ಷ ಎಣ್ಣೆಕೈಯವನ ಜೊತೆ ಬಾಳಿ ಬೇಸತ್ತವಳ ಯೋಚನೆಯೇ ಇರಬೇಕು ಎಂದು ತಾನೇ ತೀರ್ಮಾನಿಸಿ, ಆ ತೀರ್ಮಾನವನ್ನು ಹಲ್ಲುನೋವಿನ ಹಾಗೆ ಆಗಾಗ ನಾಲಿಗೆಯಿಂದ ಮುಟ್ಟಿ ನೋಡುತ್ತಿದ್ದ.

ಇವತ್ತು ನೀರಿಗಿಳಿಯಬೇಕಿದ್ದ ದೋಣಿ ಹೆಂಡತಿಯ ತಮ್ಮನದು. ಕೊಂಡ ದಿನವೇ ಬಿಳಿ ಟೋಪಿಯೊಂದನ್ನೂ ಕೊಂಡು ತಲೆಗೇರಿಸಿಕೊಂಡಿದ್ದರಿಂದ ಮನೆಯವರೆಲ್ಲ ಅವನನ್ನು ಕಪ್ತಾನ ಎನ್ನತೊಡಗಿದ್ದರು. ಯಾರೋ ಹಲ್ಲಿನ ಡಾಕ್ಟರು ಇಟ್ಟುಕೊಂಡಿದ್ದ ದೋಣಿಯಂತೆ. ಗೋದಾಮಿನ ಹಿಂದೆ ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು. ರಿಪೇರಿಗೆ ಕೈ ಹಾಕಿದ ಮೊದಲ ದಿನ ಅವನು ಅದರ ಸುತ್ತ ಮರದ ಸುತ್ತಿಗೆ ಹಿಡಿದು, ಒಂದೊಂದು ಗೇಣಿಗೂ ಕುಟ್ಟಿ ಕಿವಿಗೊಡುತ್ತ ನಡೆದಿದ್ದ. ಗಟ್ಟಿ ಮರ ಟಕ್ಕೆಂದು ಉತ್ತರ ಕೊಡುತ್ತದೆ; ಕೊಳೆತ ಮರ ಬಾಯಲ್ಲಿ ಅನ್ನ ಇಟ್ಟುಕೊಂಡವನ ಹಾಗೆ ತೊದಲುತ್ತದೆ. ಹೊರಮೈ ಎಲ್ಲ ಸರಿಯಾಗಿಯೇ ಮಾತನಾಡಿತು. ದೋಣಿಯ ನಡುವೆ ಮೆತ್ತೆ ಹೊದಿಸಿದ ದೊಡ್ಡ ಪೆಟ್ಟಿಗೆ. ಕೂರಲೂ ಆಗುವಂಥ ಅದರ ಮುಚ್ಚಳ ಎತ್ತಿದರೆ ಒಳಗೆ ಇಂಜಿನ್ನು. ಇಂಜಿನ್ನು ಕೂತಿದ್ದ ಎರಡು ಉದ್ದ ತೊಲೆಗಳಲ್ಲಿ ಎಡಗಡೆಯದಕ್ಕೆ ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಅದು ಹಿಡಿಯವರೆಗೆ ಒಳಗಿಳಿಯಿತು.

"ಹೇಗಿದೆ ಭಾವ?" ಎಂದು ಕೇಳಿದ್ದ ಕಪ್ತಾನ.

"ಇಂಜಿನ್ ಸತ್ತಿಲ್ಲ. ಅದು ಕೂತಿರೋ ಮರ ಸತ್ತಿದೆ."

"ಹಾಗಂದ್ರೆ?"

"ಕುದುರೆ ಚೆನ್ನಾಗಿದೆ, ಕಾಲಿಲ್ಲ ಅಂತ."

ಕಪ್ತಾನ ನಕ್ಕು ಪೆಟ್ಟಿಗೆಯೊಳಗೆ ಬಗ್ಗಿದವನೇ ಮುಖ ಕಿವುಚಿ, "ಹಳೇ ಪೆಟ್ರೋಲ್ ಕಮಟು ವಾಸನೆ, ಅಲ್ವಾ?" ಎಂದ. ಅವನು ಕಪ್ತಾನನ ಮೂಗಿನ ಹೊಳ್ಳೆಗಳು ಹಿಗ್ಗುವುದನ್ನು ನೋಡಿ, ತನ್ನವನ್ನೂ ಹಿಗ್ಗಿಸಿ, "ಹೂಂ, ಹಳೇದೇ" ಎಂದಿದ್ದ. ತನಗಿಂತ ಚಿಕ್ಕವನ ಮುಂದೆ ಮೂಗು ಹಿಗ್ಗಿಸಿ ನಟಿಸಿದ ಆ ಗಳಿಗೆ, ಆಮೇಲೆ ತೊಲೆ ಕೊಯ್ಯುವಾಗಲೂ, ಮನೆಯಲ್ಲಿ ಕೈ ತೊಳೆಯುವಾಗಲೂ ಮರುಕಳಿಸುತ್ತಿತ್ತು.

ಇಂಜಿನ್ನನ್ನು ಸರಪಳಿಯಲ್ಲಿ ತೂಗುಹಾಕಿ, ಕೊಳೆತ ತೊಲೆಯನ್ನು ಕೊಯ್ದು ತೆಗೆದು, ಹೊಸದನ್ನು ಕೂರಿಸಿದ. ಇಂಜಿನ್ನು ತಣ್ಣಗಿಡುವ ನೀರಿನ ಪಂಪು ಬಿಚ್ಚಿದರೆ ಒಳಗಿನ ರಬ್ಬರ್ ಚಕ್ರಕ್ಕೆ ಅರ್ಧಕ್ಕರ್ಧ ಬೆರಳಿನಂಥ ರೆಕ್ಕೆಗಳೇ ಇರಲಿಲ್ಲ. ಮುರಿದ ತುಂಡುಗಳನ್ನು ಕೊಳವೆಗಳಿಂದ ಒಂದೊಂದಾಗಿ ಕಿತ್ತು, ಲೆಕ್ಕ ಸರಿಹೊಂದುವವರೆಗೆ ಬೆಂಚಿನ ಮೇಲೆ ಜೋಡಿಸಿದ. ಆವಿಯನ್ನು ಹೊರಗೆ ಎಳೆದು ಬಿಸಾಡುವ ಸಣ್ಣ ಫ್ಯಾನು ಸುಟ್ಟಿತ್ತು, ಅದನ್ನೂ ಬದಲಿಸಿದ. ಪೆಟ್ರೋಲಿನ ಕೊಳವೆಗಳನ್ನು ಬೆರಳಿನಿಂದ ಮಣಿಸಿ, ಉಗುರಿನಿಂದ ಗೀರಿ, ಅನುಮಾನ ಬಂದದ್ದನ್ನೆಲ್ಲ ಕಿತ್ತೆಸೆದ. ಉಳಿದದ್ದು ಒಂದೇ. ಟ್ಯಾಂಕಿಗೆ ಪೆಟ್ರೋಲು ಸುರಿಯುವ ದಪ್ಪ ಕೊಳವೆ, ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನ ಬೆನ್ನಿಗೆ ಅಂಟಿಕೊಂಡು ಇಳಿದಿತ್ತು. ಅಲ್ಲಿಗೆ ಕಣ್ಣು ಹೋಗುವುದಿಲ್ಲ. ಕೈ ಹೋದರೂ ಮಣಿಕಟ್ಟಿನವರೆಗೆ. ಟ್ಯಾಂಕನ್ನೇ ಎತ್ತಿದರೆ ಮಾತ್ರ ಕಾಣುತ್ತಿತ್ತು. ಅದಕ್ಕೆ ಮತ್ತೆ ಹಲಗೆ ಕೀಳಬೇಕಿತ್ತು. ಕಪ್ತಾನ ಆಗಲೇ ಊರಿಗೆಲ್ಲ ದಿನ ಹೇಳಿಬಿಟ್ಟಿದ್ದ. ತಂತಿಯ ತುದಿಗೆ ಬಟ್ಟೆ ಸುತ್ತಿ ಆ ಸಂದಿಯಲ್ಲಿ ಆಡಿಸಿ, ಬಾಟಲಿಗೆ ಹಾಕಿ ಮನೆಗೆ ತಂದ. ಅಂದು ತೊಲೆಯ ಕೆಲಸ ಚೆನ್ನಾಗಿ ಕೂತ ಸಂತೋಷದಲ್ಲಿದ್ದ. ಹೆಂಡತಿ ಅವನತ್ತ ನೋಡಿ, ಬಟ್ಟೆ ಮೂಸಿ, "ಏನೂ ಇಲ್ಲ ಕಣ್ರೀ" ಎಂದಳು. ಹಾಗಿದ್ದರೆ ಸರಿ ಎಂದು ಸೀಟನ್ನು ತಿರುಪು ಹಾಕಿ ಮುಚ್ಚಿದ್ದ.

ದಡದಲ್ಲಿ, ಆಗಲೇ ನೀರಿಗಿಳಿಸಿ ಕಟ್ಟಿದ್ದ ದೋಣಿಯ ಪಕ್ಕ, ಮಾವ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ಟೇಷನ್ ಮಾಸ್ಟರಾಗಿದ್ದವರು, ಎಲ್ಲ ಹೊರಡುವಿಕೆಗಳೂ ತಮ್ಮ ಅಪ್ಪಣೆ ಕಾಯಬೇಕೆಂಬ ಗತ್ತು ಇನ್ನೂ ಹೋಗಿರಲಿಲ್ಲ. "ಬಂದ್ರು ನಮ್ಮ ಡಾಕ್ಟ್ರು," ಎಂದರು. "ರೋಗಿ ಹೇಗಿದಾರೆ? ನಾವು ಹತ್ತಬಹುದೋ, ಇಲ್ಲಾ ನೀವು ಇನ್ನೂ ಒಂದು ಸಲ ಎಲ್ಲ ಕಡೆ ಮೂಗು ತೂರಿಸಬೇಕೋ?" ಕಪ್ತಾನ ನಕ್ಕ. ಅವನೂ ನಕ್ಕ, ತುಸು ತಡವಾಗಿ. ಮಾವ ಮೂಗು ಎಂಬ ಮಾತನ್ನು ಬೇಕೆಂದೇ ಆಡಿದರೇ, ಬರಿಯ ಬಾಯಿಮಾತೇ ಎಂದು ಯೋಚಿಸುತ್ತ ಚೀಲ ಇಳಿಸುವಾಗ ಸ್ಪ್ಯಾನರೊಂದು ಜಾರಿ ನೀರಿಗೆ ಬಿತ್ತು. "ಶುರುವಾಯ್ತು" ಎಂದರು ಮಾವ.

"ಟ್ಯಾಂಕ್ ಫುಲ್ ಮಾಡಿಸಿದೀನಿ ಭಾವ," ಎಂದ ಕಪ್ತಾನ. "ಕುತ್ತಿಗೇವರೆಗೂ."

ಅವನು ಇಲ್ಲಿಯವರೆಗೆ ಪರೀಕ್ಷೆ ಮಾಡಿದ್ದೆಲ್ಲ ಅರ್ಧ ಟ್ಯಾಂಕಿನಲ್ಲಿ. ಕುತ್ತಿಗೆಯವರೆಗೆ ತುಂಬಿದಾಗ ಮಾತ್ರ ಆ ದಪ್ಪ ಕೊಳವೆಯಲ್ಲೂ ಪೆಟ್ರೋಲು ನಿಲ್ಲುತ್ತದೆ. ಈ ವಿಷಯ ಅವನ ತಲೆಯಲ್ಲಿ ಹಾದುಹೋಯಿತು. ನಿಲ್ಲಿಸಿ ಕೂರಿಸಿಕೊಳ್ಳಬೇಕೆನ್ನುವಷ್ಟರಲ್ಲಿ ಮಾವ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು, "ಕೈ ಕೊಡ್ರೀ, ನೋಡ್ತಾ ನಿಂತಿದೀರಲ್ಲ" ಎಂದರು. ಅವನು ಕೈ ಕೊಟ್ಟ. ಆಮೇಲೆ ಮುಚ್ಚಳ ಎತ್ತಿ, ರೂಢಿಯಂತೆ ಬಗ್ಗಿ, ಎಲ್ಲರೂ ನೋಡುವಂತೆ ಉಸಿರೆಳೆದ. ಹೊಸ ತೊಲೆ ಬೆಳ್ಳಗೆ, ತಳ ಒಣಗಿ ಇತ್ತು. ಮುಚ್ಚಳ ಹಾಕಿ, "ಸರಿ ಇದೆ" ಎಂದ. ಫ್ಯಾನು ಗುಯ್ಯೆಂದಿತು. ಕಪ್ತಾನ ಕೀಲಿ ತಿರುಗಿಸಿದ. ಇಂಜಿನ್ನು ಕೆಮ್ಮಿ, ಮತ್ತೆ ಕೆಮ್ಮಿ, ಹಿಡಿದುಕೊಂಡಿತು.

"ನೀನು ಪೆಟ್ಟಿಗೆ ಮೇಲೆ ಕೂತ್ಕೋ," ಎಂದ ಹೆಂಡತಿಗೆ. "ಅಲ್ಲಿ ಕುಲುಕಾಟ ಕಡಿಮೆ."

ಕುಲುಕಾಟದ ಮಾತು ಸುಳ್ಳು. ಅವಳ ಮೂಗು ಮುಚ್ಚಳದ ಹತ್ತಿರ ಇರಲಿ ಎಂಬುದಷ್ಟೇ ಅವನ ಲೆಕ್ಕ. ಅವಳು ಏನೂ ಕೇಳದೆ ಶಾಲು ಸರಿಮಾಡಿಕೊಂಡು ಕೂತಳು, ಅವಳ ಎರಡು ಕೈಗಳೂ ತೊಡೆಯ ಮೇಲೆ, ಬಸ್ಸು ಕಾಯುವವಳ ಹಾಗೆ. ದಡ ಹಿಂದೆ ಸರಿಯಿತು. ಮನೆಗಳು, ಗೋದಾಮು, ತನ್ನ ಶೆಡ್ಡಿನ ತಗಡಿನ ಮಾಡು ಎಲ್ಲ ಒಂದೇ ಬಣ್ಣವಾದವು. ಅವನು ಪಾದಗಳಿಂದ ಇಂಜಿನ್ನನ್ನು ಆಲಿಸುತ್ತಿದ್ದ. ಹೊಸ ತೊಲೆ ಗಟ್ಟಿಯಾಗಿ ಹಿಡಿದಿತ್ತು, ನಡುಕ ಒಂದೇ ಸಮವಾಗಿತ್ತು. ತನ್ನ ಕೆಲಸ ಚೆನ್ನಾಗಿದೆ ಎಂದು ಪಾದ ಹೇಳುತ್ತಿತ್ತು. ಆದರೂ ಕಣ್ಣು ಮಾತ್ರ ಅವಳ ಕೆಳಗಿದ್ದ ಮುಚ್ಚಳದ ಸಂದಿಯಿಂದ ಕದಲಲಿಲ್ಲ. ಗಣಿಗೆ ಇಳಿಯುವವರು ಹಿಂದೆ ಪಂಜರದಲ್ಲಿ ಹಕ್ಕಿ ಹಿಡಿದು ಹೋಗುತ್ತಿದ್ದರಂತೆ, ಗಾಳಿ ಕೆಟ್ಟರೆ ಮೊದಲು ಹಕ್ಕಿಗೆ ತಿಳಿಯುತ್ತಿತ್ತಂತೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ನಾನು ಮಾಡಿರುವುದು ಅದೇ ಎಂದುಕೊಂಡ. ಅವಳನ್ನು ಎಬ್ಬಿಸಿ ಮುಂದೆ ಕೂರಿಸಬೇಕೆನ್ನಿಸಿತು. ಎಬ್ಬಿಸಲಿಲ್ಲ.

ನೀರಿನ ನಟ್ಟನಡುವೆ ಬಂದಾಗ ಮಾವ ಕೈ ಎತ್ತಿದರು. "ನಿಲ್ಸೋ ಈ ಗಲಾಟೆ. ನೀರಿನ ಮೇಲೆ ಬಂದು ನೀರಿನ ಸದ್ದು ಕೇಳ್ಬೇಡ್ವಾ?"

ಕಪ್ತಾನ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದ. ಸದ್ದು ನಿಂತದ್ದೇ ಎಲ್ಲರ ಮುಖಗಳೂ ಹತ್ತಿರ ಬಂದಂತಾಯಿತು. ನೀರು ದೋಣಿಯ ಪಕ್ಕೆಗೆ ಚಪ್ ಚಪ್ ಎಂದು ಬಡಿಯುತ್ತಿತ್ತು. ಬಿಸಿ ಇಂಜಿನ್ನು ಆರುತ್ತ ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎನ್ನುತ್ತಿತ್ತು. ಅವನಿಗೆ ಭಯವಿದ್ದದ್ದು ಈ ಹೊತ್ತಿನದೇ. ಓಡುವ ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ನಿಂತಾಗ ಎಲ್ಲಾದರೂ ಸೋರಿದ್ದಿದ್ದರೆ ಕಾವಿಗೆ ಆವಿಯಾಗಿ ಅಲ್ಲೇ ತುಂಬಿಕೊಳ್ಳುತ್ತದೆ. ಮಾವ ಜೇಬಿನಿಂದ ಸಿಗರೇಟು ತೆಗೆದು ತುಟಿಗಿಟ್ಟು, ಲೈಟರಿಗಾಗಿ ತಡಕಿದರು.

"ಇಲ್ಲಿ ಬೇಡ ಮಾವ."

"ಯಾಕೆ? ನಿಮ್ಮದೇ ರಿಪೇರಿ ಅಲ್ವಾ? ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಬೇಡ ಅಂದ್ರೆ ಬೇಡ." ದನಿ ಅವನು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಮಾವ ಸಿಗರೇಟನ್ನು ತುಟಿಯಿಂದ ತೆಗೆಯದೆ, ಹೊತ್ತಿಸದೆ, ಮಗಳ ಕಡೆ ನೋಡಿ, "ನಿನ್ನ ಗಂಡನಿಗೆ ನನ್ನ ಆರೋಗ್ಯದ ಚಿಂತೆ" ಎಂದರು. ಅವಳು ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವನಿಗೆ ನೀರಿನ ಸದ್ದೂ ಸಾಕಾಯಿತು. ಕಪ್ತಾನ ಟೋಪಿ ಸರಿಮಾಡಿಕೊಂಡು ಚುಕ್ಕಾಣಿಯ ಮುಂದೆ ಕೂತ. ಗಾಳಿ ಅವನ ಮುಖಕ್ಕೆ ಎದುರಾಗಿ ಬೀಸುತ್ತಿತ್ತು. "ಹೊರಡೋಣ್ವಾ?"

"ಮೊದಲು ಫ್ಯಾನ್ ಹಾಕು."

ಫ್ಯಾನು ಗುಯ್ಯೆಂದಿತು. ಅವನು ಹೆಂಡತಿಯ ಹತ್ತಿರ ಹೋಗಿ, ಬೇರೆಯವರಿಗೆ ಕೇಳದ ಹಾಗೆ, "ಏನಾದ್ರೂ ವಾಸನೆ ಬರ್ತಿದೆಯಾ?" ಎಂದ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಮಾವನ ಎದುರು ಇನ್ನೊಂದು ರಂಪ ಬೇಡವೆಂದು ಅವನು ಮುಖವನ್ನು ಆದಷ್ಟು ಸಮಾಧಾನವಾಗಿ ಇಟ್ಟುಕೊಂಡಿದ್ದ. "ಇಲ್ಲ," ಎಂದಳು. "ಏನೂ ಇಲ್ಲ."

"ಸರಿ" ಎಂದು ಹೇಳಲು ಅವನು ಕಪ್ತಾನನ ಕಡೆ ತಿರುಗಿದ. ತಿರುಗುತ್ತಿದ್ದಂತೆ ಯಾವುದೋ ಒಂದು ಸಣ್ಣ ಸಂಗತಿ ಅವನನ್ನು ಹಿಂದಕ್ಕೆ ಎಳೆಯಿತು. ಅವಳು ಉಸಿರೆಳೆದಿರಲಿಲ್ಲ. ಪ್ರಶ್ನೆ ಕೇಳಿ, ಮುಖ ನೋಡಿ, ಉತ್ತರ ಕೊಟ್ಟಿದ್ದಳು. ನಡುವೆ ಎದೆ ಏರಲಿಲ್ಲ, ಹೊಳ್ಳೆ ಹಿಗ್ಗಲಿಲ್ಲ, ತಲೆ ಮುಚ್ಚಳದ ಕಡೆಗೆ ಒಂದಿಷ್ಟೂ ಬಾಗಲಿಲ್ಲ. ಕಪ್ತಾನನ ಬೆರಳುಗಳು ಕೀಲಿಯ ಮೇಲಿದ್ದವು.

"ತಡಿ," ಎಂದ ಅವನು. "ಕೈ ತೆಗಿ. ಫ್ಯಾನೂ ಆರಿಸಬೇಡ, ಓಡ್ತಿರಲಿ. ಯಾವ ಸ್ವಿಚ್ಚೂ ಮುಟ್ಟಬೇಡ."

"ಮತ್ತೇನು ಭಾವ?"

"ಕೀಲಿ ತೆಗೆದು ನನ್ನ ಕೈಗೆ ಕೊಡು."

ಹೆಂಡತಿಯನ್ನು ತೋಳು ಹಿಡಿದು ಎಬ್ಬಿಸಿ ಮುಚ್ಚಳ ಎತ್ತಿದ. ಕೀಲಿ ಕೊಡಲು ಹಿಂದಕ್ಕೆ ಬಂದಿದ್ದ ಕಪ್ತಾನ ಮುಖಕ್ಕೆ ಯಾರೋ ಹೊಡೆದ ಹಾಗೆ ತಲೆ ಹಿಂದಕ್ಕೆಳೆದ. "ಅಯ್ಯಪ್ಪ, ಏನಿದು, ಪೆಟ್ರೋಲು." ಮಾವ ಕೆಮ್ಮುತ್ತ ಕರವಸ್ತ್ರ ಮೂಗಿಗೆ ಒತ್ತಿಕೊಂಡರು, ತುಟಿಯ ಸಿಗರೇಟು ಕೆಳಗೆ ಬಿತ್ತು. ತೆರೆದ ಪೆಟ್ಟಿಗೆಯ ಈ ಬದಿಯಲ್ಲಿ ಅವನು, ಆ ಬದಿಯಲ್ಲಿ ಅವಳು, ಇಬ್ಬರೂ ಎಲ್ಲರಿಗಿಂತ ಹತ್ತಿರ, ಮುಖದ ಒಂದು ಗೆರೆಯೂ ಕದಲದೆ ನಿಂತಿದ್ದರು. ಅವನು ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು. ತಾನು ಕಾಣುತ್ತಿರುವ ಆ ಖಾಲಿ ಮುಖವೇ ತನ್ನದೂ ಎಂದು ಅವನಿಗೆ ಅರ್ಥವಾಯಿತು.

"ಅಕ್ಕ, ನೀನು ಇದರ ಮೇಲೇ ಕೂತಿದ್ಯಲ್ಲ," ಎಂದ ಕಪ್ತಾನ. "ಭಾವ, ನಿಮಗೂ ಗೊತ್ತಾಗ್ಲಿಲ್ವಾ?"

ಅವನು ಹಿಂದಿನ ಸೀಟಿನ ತಿರುಪು ಬಿಚ್ಚಿ, ಟ್ಯಾಂಕಿನ ಬೆನ್ನಿನ ಸಂದಿಗೆ ಮಣಿಕಟ್ಟಿನವರೆಗೆ ಕೈ ತೂರಿಸಿದ. ಬೆರಳ ತುದಿ ಒದ್ದೆಯಾಯಿತು. ಹೊರಗೆ ತೆಗೆದದ್ದೇ ತಣ್ಣಗೆ ಒಣಗಿತು. ತುಂಬಿದ ಕೊಳವೆಯ ಸೀಳಿನಿಂದ ಪೆಟ್ರೋಲು ಹನಿಹನಿಯಾಗಿ ಇಳಿದು, ತಳದುದ್ದಕ್ಕೂ ಹರಿದು, ಇಂಜಿನ್ನಿನ ಕೆಳಗೆ ಸೇರಿತ್ತು. ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಯಾವಾಗಿಂದ?" ಎಂದ.

"ಜ್ವರ ಬಿಟ್ಟಾಗಿಂದ. ನಿಂಗೆ?"

"ನಂಗೂ." ಅವಳು ಏಕವಚನದಲ್ಲಿ ಮಾತನಾಡಿದ್ದು ಅವನಿಗೆ ಆಮೇಲೆ ಹೊಳೆಯಿತು. "ಮತ್ತೆ ಬಟ್ಟೆ ತಂದಾಗೆಲ್ಲ ಹೇಳ್ತಿದ್ದೆಯಲ್ಲ, ಇದೆ, ಇಲ್ಲ ಅಂತ."

"ನಿನ್ನ ಮುಖ ನೋಡಿ ಹೇಳ್ತಿದ್ದೆ. ನೀನು ದಿಗಿಲಾಗಿದ್ರೆ ಇದೆ ಅಂತಿದ್ದೆ. ಸಮಾಧಾನವಾಗಿದ್ರೆ ಇಲ್ಲ ಅಂತಿದ್ದೆ." ಅವಳು ಸೀಟಿನ ಹಲಗೆಯ ಮೇಲಿನ ಧೂಳನ್ನು ಕಾರಣವಿಲ್ಲದೆ ಒರೆಸಿದಳು. "ಮೊದಲ ಸಲ ನೀನು ಬಾಟಲಿ ಹಿಡಿದು ಬಂದಾಗಲೇ ನಿಂಗೆ ಬರ್ತಿಲ್ಲ ಅಂತ ಗೊತ್ತಾಯ್ತು. ಮನೇಲಿ ಒಬ್ಬರಿಗಾದ್ರೂ ಬರ್ಬೇಕಲ್ಲ ಅನ್ನಿಸ್ತು. ನನಗೂ ಇಲ್ಲ ಅಂದಿದ್ರೆ ನೀನು ಏನು ಮಾಡ್ತಿದ್ದೆ?"

ಕೆಲಸ ಬಿಡುತ್ತಿದ್ದನೇ. ಬೀದಿಯಲ್ಲಿ ಹೋಗುವವರನ್ನು ಕರೆದು ಮೂಸಿಸುತ್ತಿದ್ದನೇ. ಇಷ್ಟು ತಿಂಗಳೂ ಅವನು ತನ್ನ ದಿಗಿಲನ್ನೇ, ತನ್ನ ಸಮಾಧಾನವನ್ನೇ ಮನೆಗೆ ಹೊತ್ತು ತಂದು, ಅವಳ ಕೈಯಿಂದ ವಾಪಸು ಪಡೆದು, ಅದನ್ನು ಸತ್ಯವೆಂದು ದಡಕ್ಕೆ ಒಯ್ದಿದ್ದ. ಸಿಟ್ಟು ಬರಬೇಕಿತ್ತು. ಬಂದದ್ದು ಆ ಮಧ್ಯಾಹ್ನ ಒಲೆಯ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ನಿಂತ ಅವಳ ಬೆನ್ನಿನ ನೆನಪು. ಯಾರಿಗೂ ಹೇಳದೆ ಅವಳೊಬ್ಬಳೇ ಒಳಗೊಳಗೆ ನಡುಗಿರಬಹುದಾದ ಎಷ್ಟೋ ಮಧ್ಯಾಹ್ನಗಳು.

"ಯಾರಿಗೆ ಬರಲ್ಲ?" ಮಾವ ಮುಂದಿನಿಂದ ಕೇಳಿದರು. "ಇವರಿಗಾ, ನಿಂಗಾ?"

"ಇಬ್ಬರಿಗೂ ಅಪ್ಪ," ಎಂದಳು ಅವಳು, ತಿರುಗದೆ.

ಅವನು ಮಾವನ ಮಾತಿಗಾಗಿ ಕಾದ. ಇಷ್ಟು ತಿಂಗಳು ಹೆದರಿದ್ದ ಮಾತು ಅದು. ಮಾವ ಲೈಟರು ಹಿಡಿದಿದ್ದ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಮುದುಕನಂತೆ, ನೀರಿನ ಕಡೆ ನೋಡುತ್ತ ಕೂತರು.

ದೋಣಿಯ ಎಲ್ಲ ಹಲಗೆಗಳನ್ನೂ ತೆರೆದಿಟ್ಟು, ತಳವನ್ನು ಬಟ್ಟೆಗಳಿಂದ ಹೀರಿ ಹಿಂಡಿ, ಗಾಳಿ ತಿಳಿಯಾಗುವುದನ್ನು ಕಾದರು. "ಈಗ?" ಎಂದು ಅವನು ಕಪ್ತಾನನನ್ನು ಕೇಳುತ್ತಿದ್ದ. ಕಪ್ತಾನ ಟೋಪಿ ಕೈಯಲ್ಲಿ ಹಿಡಿದು, ಬಗ್ಗಿ ಮೂಸಿ, "ಇನ್ನೂ ಇದೆ" ಎನ್ನುತ್ತಿದ್ದ. ಮತ್ತೆ ಸ್ವಲ್ಪ ಹೊತ್ತಿಗೆ, "ಈಗ?" "ಇದೆ." ದೋಣಿ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿತ್ತು, ದಡ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನಿಗೆ ಬರುತ್ತಿತ್ತು. ಜ್ವರದ ನಂತರ ತನ್ನ ಕೈಯಿಂದ ದಾಟಿಹೋದ ದೋಣಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಇಬ್ಬರು ಅಣ್ಣತಮ್ಮಂದಿರ ಹಸಿರು ದೋಣಿ, ಅದರಲ್ಲಿ ಭಾನುವಾರ ಅವರ ಮಕ್ಕಳು. ಪಂಪಿನ ಕಂಪನಿಯ ಕಾವಲುದೋಣಿ. ಆಚೆ ದಡದ ಶಾಲೆಗೆ ಟೀಚರುಗಳನ್ನು ಕರೆದೊಯ್ಯುವುದು. ಎಲ್ಲದಕ್ಕೂ ಅವನು ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಸರಿ ಇದೆ ಎಂದಿದ್ದ. ಈ ಹೊತ್ತಿನಲ್ಲಿ ಅವುಗಳಲ್ಲಿ ಯಾವುದು ಎಲ್ಲಿ ನಿಂತಿದೆಯೋ, ಯಾರ ಕೈ ಕೀಲಿಯ ಮೇಲಿದೆಯೋ.

ಕಪ್ತಾನ ಟೋಪಿ ಬೀಸಿ ಕೂಗಿದ್ದನ್ನು ಕಂಡು ದೂರದಿಂದ ಒಂದು ದೋಣಿ ತಿರುಗಿ ಇತ್ತ ಬಂತು. ಆಚೆ ದಡದಲ್ಲಿ ಮೀನು ಕೊಂಡು ಈಚೆಗೆ ಸಾಗಿಸುವವನದು. ಮೀನಿನವನು ಇಂಜಿನ್ನು ಆರಿಸಿ, ತೇಲುತ್ತ ಪಕ್ಕಕ್ಕೆ ಬಂದು ಹಗ್ಗ ಎಸೆದ. ಕಪ್ತಾನ ಹಗ್ಗವನ್ನು ಮುಂಭಾಗದ ಗೂಟಕ್ಕೆ ಬಿಗಿದ. "ಏನ್ ಸಾರ್," ಎಂದ ಮೀನಿನವನು ನಗುತ್ತ, "ನೀವೇ ಕೂತಿರೋ ದೋಣಿ ನಿಮಗೇ ಕೈ ಕೊಡ್ತಾ?" ಹಾಗೆನ್ನುತ್ತಲೇ ತನ್ನ ಜಾಗಕ್ಕೆ ಹೋಗಿ ಕೂತು ಕೀಲಿಗೆ ಕೈ ಹಾಕಿದ.

"ತಡಿ," ಎಂದ ಅವನು. ಎದ್ದು ನಿಂತಿದ್ದ. "ಸ್ಟಾರ್ಟ್ ಮಾಡಬೇಡ. ಮೊದಲು ಮುಚ್ಚಳ ತೆಗೆದು, ಬಗ್ಗಿ ಮೂಸಿ ನೋಡು."

"ಯಾಕೆ? ಹೋದ ತಿಂಗಳು ನೀವೇ ನೋಡಿ ಕೊಟ್ಟಿದ್ದಲ್ವಾ?"

"ಹೌದು," ಎಂದ. "ಅದಕ್ಕೇ ಹೇಳ್ತಿರೋದು."

ಮೀನಿನವನ ನಗು ಅಲ್ಲೇ ನಿಂತಿತು. ಅವನು ಇವರ ದೋಣಿಯ ಕಡೆಗೊಮ್ಮೆ, ಕಿತ್ತಿಟ್ಟ ಹಲಗೆಗಳ ಕಡೆಗೊಮ್ಮೆ ನೋಡಿ, ಕೀಲಿಯಿಂದ ಕೈ ತೆಗೆದ. ಮೀನಿನ ಬುಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಮುಚ್ಚಳದ ಕೊಕ್ಕೆಗಳನ್ನು ಬಿಡಿಸಿದ. ಎರಡು ದೋಣಿಗಳ ನಡುವೆ ಹಗ್ಗ ಒಮ್ಮೆ ಬಿಗಿಯುತ್ತ ಒಮ್ಮೆ ನೀರಿಗೆ ತಾಗುತ್ತ ಇತ್ತು. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಮೀನಿನವನ ತಲೆ ಮುಚ್ಚಳದ ಕೆಳಗೆ ಮರೆಯಾಯಿತು. ಉಸಿರೆಳೆದಾಗ ಅವನ ಬೆನ್ನು ಉಬ್ಬಿತು. ಇಬ್ಬರೂ ಆ ಬೆನ್ನನ್ನೇ ನೋಡುತ್ತ ಕಾದರು.